ಅಸ್ವಾನ್‌ನಿಂದ ಅಬು ಸಿಂಬೆಲ್‌ಗೆ ಮಿನಿಬಸ್: ಕ್ರಮ ಗೊತ್ತಿದ್ದರೆ ಅಲ್ಲಿ ಸಿಗುವ ಎರಡು ಗಂಟೆ ಸಾಕು

ದಕ್ಷಿಣ ಈಜಿಪ್ಟಿನ ಅಸ್ವಾನ್‌ನ ಹೋಟೆಲುಗಳಲ್ಲಿ ಮಾರುವ, ಅಬು ಸಿಂಬೆಲ್‌ನ ಎರಡು ಪ್ರಾಚೀನ ಬಂಡೆಗುಡಿಗಳಿಗೆ ಹೋಗಿಬರುವ ಈ ಒಂದು ದಿನದ ಪ್ರವಾಸದಲ್ಲಿ ಸಿಗುವುದು ಹೆಚ್ಚುಕಡಿಮೆ ಸಾರಿಗೆ ಮಾತ್ರ. ಬೆಳಗಿನ ಜಾವ 4ರ ಸುಮಾರಿಗೆ ಹೊರಟರೆ ಮರುಭೂಮಿಯಲ್ಲಿ ಸುಮಾರು 280 ಕಿ.ಮೀ., ಮೂರೂವರೆ ಗಂಟೆ. ಎಡಗಡೆಯ ಕಿಟಕಿ ಹಿಡಿಯಿರಿ: ಹೋಗುವಾಗ ಸೂರ್ಯೋದಯ ಆ ಕಡೆ, ಬರುವಾಗ ನೆರಳೂ ಆ ಕಡೆಯೇ. ದಾರಿಯಲ್ಲಿ ತಪಾಸಣೆ ಇರುತ್ತದೆ, ಪಾಸ್‌ಪೋರ್ಟ್ ಕೈಗೆ ಸಿಗುವಂತಿರಲಿ. ಪ್ರವೇಶ ಟಿಕೆಟ್ ದರದಲ್ಲಿ ಸೇರಿದೆಯೇ ಎಂದು ಮೊದಲೇ ಕೇಳಿಕೊಳ್ಳಿ.

ನಿದ್ದೆ ಹಾಳಾಯಿತೆಂದು ಗೊಣಗಬೇಡಿ. ದೊಡ್ಡ ಗುಡಿಯ ಮುಖ ಪೂರ್ವಕ್ಕಿದೆ, ಮಧ್ಯಾಹ್ನದ ಹೊತ್ತಿಗೆ ಅದನ್ನು ಕಟ್ಟಿಸಿದ ಈಜಿಪ್ಟಿನ ರಾಜ ಎರಡನೆಯ ರಾಮ್ಸೆಸ್‌ನ (ಆಳ್ವಿಕೆ ಕ್ರಿ.ಪೂ. 1279–1213) 20 ಮೀಟರ್ ಎತ್ತರದ ನಾಲ್ಕು ಮೂರ್ತಿಗಳ ಮುಖಕ್ಕೆ ನೆರಳು ಬಿದ್ದಿರುತ್ತದೆ.

ತೊಂದರೆ ಬೇರೆ: ಗಾಡಿಗಳೆಲ್ಲ ಒಟ್ಟಿಗೆ ಬಂದು ಎಲ್ಲರೂ ದೊಡ್ಡ ಗುಡಿಗೇ ನುಗ್ಗುತ್ತಾರೆ. ಗೈಡ್‌ಗಳು ಒಳಗೆ ವಿವರಿಸುವಂತಿಲ್ಲ, ಹೊರಗೇ ನಿಂತು ಹೇಳುತ್ತಾರೆ. ಅದಕ್ಕೂ ಸಮಯ ಹೋಗುತ್ತದೆ. ಆದ್ದರಿಂದ ಮೊದಲು ಅವನ ರಾಣಿ ನೆಫೆರ್ಟಾರಿಯ ಚಿಕ್ಕ ಗುಡಿಗೆ ನಡೆಯಿರಿ. ಅಲ್ಲಿ ರಾಣಿಯ ಮೂರ್ತಿಗಳು ರಾಜನಷ್ಟೇ ಎತ್ತರ. ಈಜಿಪ್ಟಿನಲ್ಲಿ ಇದು ಅಪರೂಪ.

ಆಮೇಲೆ ದೊಡ್ಡ ಗುಡಿ. ಒಳಹೊಕ್ಕೊಡನೆ ಬಲಗಡೆಯ ಗೋಡೆಯ ತುಂಬ ಕೆತ್ತಿರುವುದು ಹಿಟ್ಟೈಟರ ವಿರುದ್ಧದ ಕಾದೇಶ್ ಯುದ್ಧ (ಕ್ರಿ.ಪೂ. 1274). ಗೆಲುವು ಯಾರದೆಂದು ತೀರ್ಮಾನವಾಗದ ಆ ಕಾಳಗವನ್ನು ಕಲ್ಲಿನ ಮೇಲೆ ರಾಮ್ಸೆಸ್ ಒಬ್ಬನೇ ಗೆದ್ದಿದ್ದಾನೆ. ಪ್ರಚಾರದ ಕೆಲಸ ಆಗಲೂ ಅಚ್ಚುಕಟ್ಟಾಗಿತ್ತು. ಸಮಯವೆಲ್ಲ ಈ ಗೋಡೆಗೇ ಕೊಟ್ಟರೂ ನಷ್ಟವಿಲ್ಲ. ಗೋಡೆಯ ಹತ್ತಿರ ನಿಂತು ನೋಡಿದರೆ ಅಸ್ವಾನ್ ಅಣೆಕಟ್ಟಿನ ನೀರಿನಲ್ಲಿ ಮುಳುಗದಂತೆ 1964–68ರಲ್ಲಿ ಇಡೀ ಗುಡಿಯನ್ನು ತುಂಡುಗಳಾಗಿ ಕೊಯ್ದು 65 ಮೀಟರ್ ಮೇಲಕ್ಕೆ ಸಾಗಿಸಿದ ಗೆರೆಗಳೂ ಕಾಣುತ್ತವೆ. ಹೊರಗೆ, ಎಡದಿಂದ ಎರಡನೆಯ ಮೂರ್ತಿಯ ತಲೆ ಕೆಳಗೆ ಬಿದ್ದಿದೆ. ಅದು ಸಾಗಣೆಯಲ್ಲಿ ಒಡೆದದ್ದಲ್ಲ, ಪ್ರಾಚೀನ ಕಾಲದ ಭೂಕಂಪದ ಗುರುತು. ಇದ್ದದ್ದನ್ನು ಇದ್ದಂತೆಯೇ ಇಟ್ಟಿದ್ದಾರೆ.

ಗರ್ಭಗುಡಿಯ ನಾಲ್ಕು ಮೂರ್ತಿಗಳಲ್ಲಿ ಮೂರರ ಮೇಲೆ ಬಿಸಿಲು ಬೀಳುವುದನ್ನು ನೋಡಲು ಫೆಬ್ರುವರಿ 22 ಅಥವಾ ಅಕ್ಟೋಬರ್ 22ಕ್ಕೆ ಹೋಗುವವರಿಗೆ ಈ ಪ್ರವಾಸ ಬೇಡವೇ ಬೇಡ. ಬೆಳಕು ಬರುವುದು ಸೂರ್ಯ ಹುಟ್ಟುವಾಗ. ಆಗ ನಿಮ್ಮ ಗಾಡಿ ಇನ್ನೂ ಮರಳಿನ ನಡುವೆ ಇರುತ್ತದೆ. ಹಿಂದಿನ ರಾತ್ರಿಯೇ ಅಬು ಸಿಂಬೆಲ್ ಊರಿನಲ್ಲಿ ಕೋಣೆ ಹಿಡಿಯಿರಿ, ಅದೂ ತುಂಬಾ ಮುಂಚಿತವಾಗಿ.