ಗಂಗಾವತಿ ಕಾಲುವೆ ದಂಡೆಯ ಗ್ರಾವೆಲ್ ರೈಡ್: ಡೆಪಾಸಿಟ್ ಕಟ್ಟುವ ಮೊದಲು ಇದನ್ನು ಓದಿ

ನಿನ್ನೆ ರಾತ್ರಿ ಅದೇ ಪೋಸ್ಟರ್ ಮತ್ತೆ ನನ್ನ ವಾಟ್ಸಾಪಿಗೆ ಬಂತು. ಅದೇ ಫೋಟೋ, ಅದೇ ಅಕ್ಷರ, ದಿನಾಂಕ ಮಾತ್ರ ಹೊಸದು. "ಭತ್ತದ ಕಣಜದಲ್ಲಿ ಎರಡು ದಿನ ಗ್ರಾವೆಲ್ ಸೈಕ್ಲಿಂಗ್. ಪೂರ್ತಿ ಸಮತಟ್ಟು. ಹೊಸಬರೂ ಬರಬಹುದು." ಕಳಿಸಿದವನು ನನ್ನ ಹಳೆಯ ಗೆಳೆಯ. "ಹೋಗೋಣೇನಲೇ?" ಅಂತ ಕೇಳಿದ್ದಾನೆ. ಅವನಿಗೆ ಉತ್ತರ ಬರೆಯಲು ಕೂತವನು ಎಲ್ಲರಿಗೂ ಬರೆದುಬಿಡುತ್ತಿದ್ದೇನೆ. ಇದೇ ಪೋಸ್ಟರ್ ನಂಬಿ ನಾನು ಒಮ್ಮೆ ಹೋಗಿ ಮೋಸ ಹೋಗಿದ್ದೇನೆ. ಆ ರೈಡ್ ನಡೆಸುವವರ ಹೆಸರು ಹಾಕುವುದಿಲ್ಲ. ಪೋಸ್ಟರಿನಿಂದ ಪೋಸ್ಟರಿಗೆ ಅವರು ಹೆಸರು ಬದಲಿಸುತ್ತಾರೆ, ಕೆಲಸದ ರೀತಿ ಬದಲಿಸುವುದಿಲ್ಲ. ಆ ರೀತಿಯನ್ನು ಗುರುತಿಟ್ಟುಕೊಳ್ಳಿ.

ನಾನು ಹುಬ್ಬಳ್ಳಿಯವನು, ಬ್ಯಾಂಕಿನಲ್ಲಿ ಕೆಲಸ. ಮೂರು ವರ್ಷದಿಂದ ಭಾನುವಾರ ಬೆಳಿಗ್ಗೆ ಧಾರವಾಡ ರಸ್ತೆಯಲ್ಲಿ ಸೈಕಲ್ ತುಳಿಯುತ್ತೇನೆ. ಲಾರಿ, ಬಸ್ಸು, ಹೊಗೆ, ಹಾರ್ನು ಸಾಕಾಗಿತ್ತು. ಗ್ರಾವೆಲ್ ಅಂದರೆ ನಮ್ಮ ಗರಸು ರಸ್ತೆಯೇ ತಾನೆ. ಒಂದು ಕಡೆ ತುಂಬಿ ಹರಿಯುವ ಕಾಲುವೆ, ಇನ್ನೊಂದು ಕಡೆ ಕಣ್ಣು ಹಾಯಿಸಿದಷ್ಟು ದೂರ ಗದ್ದೆ, ಇದು ಯಾರಿಗೆ ಬೇಡ? ತುಂಗಭದ್ರಾ ಎಡದಂಡೆ ಕಾಲುವೆ ಮುನಿರಾಬಾದಿನಿಂದ ಹೊರಟು ಗಂಗಾವತಿ, ಕಾರಟಗಿ, ಸಿಂಧನೂರಿನ ಕಡೆ 227 ಕಿಲೋಮೀಟರ್ ಹೋಗುತ್ತದೆ. ದಂಡೆಯ ಮೇಲೆ ಏರೂ ಇಲ್ಲ, ಇಳಿಜಾರೂ ಇಲ್ಲ. ಪೋಸ್ಟರ್ ನೋಡಿದ ಕ್ಷಣವೇ ಮನಸ್ಸು ಅಲ್ಲಿಗೆ ಹೋಗಿತ್ತು.

ನಾನೊಬ್ಬನೇ ಹೋಗಿದ್ದರೆ ಇಷ್ಟು ಉರಿಯುತ್ತಿರಲಿಲ್ಲ. ಹೆಂಡತಿಯ ತಮ್ಮನನ್ನೂ ಬ್ರಾಂಚಿನ ಇಬ್ಬರನ್ನೂ ನಾನೇ ಒಪ್ಪಿಸಿದೆ. ಒಬ್ಬರಂತೂ ಕಾಲೇಜು ಬಿಟ್ಟ ಮೇಲೆ ಸೈಕಲ್ ಮುಟ್ಟಿದವರಲ್ಲ, ವಯಸ್ಸು ಐವತ್ತು ದಾಟಿದೆ. "ನೀವ್ ಹೇಳ್ತೀರಂದ್ರ ಬರ್ತೀನ್ರಿ" ಅಂದರು. ನಾನು ಹೇಳಿದೆ, ಅವರು ಬಂದರು.

ದುಡ್ಡು ಕೊಡುವ ಮೊದಲು ನಾನು ಏನೂ ಕೇಳಲಿಲ್ಲ ಅಂತ ತಿಳಿಯಬೇಡಿ. ಫೋನಿನಲ್ಲಿ ಇಪ್ಪತ್ತು ನಿಮಿಷ ಒಂದೊಂದಾಗಿ ಕೇಳಿದ್ದೇನೆ. ಟೈರು ಎಷ್ಟು ದಪ್ಪ? "40 ಎಂಎಂ ಸರ್, ಟ್ಯೂಬ್‌ಲೆಸ್." ಹಿಂದೆ ಗಾಡಿ ಇರುತ್ತಾ? "ವ್ಯಾನ್ ಇರುತ್ತೆ ಸರ್, ಮೆಕ್ಯಾನಿಕ್ ಇರ್ತಾನೆ." ಕಾಲುವೆ ದಂಡೆಯಲ್ಲಿ ಹೋಗೋಕೆ ಅನುಮತಿ? "ಎಲ್ಲಾ ಮಾತಾಡಿದೀವಿ ಸರ್." ಆಗಸ್ಟಿನಲ್ಲಿ ಮಳೆ ಬಂದರೆ? "ಬಂದ್ರೆ ಇನ್ನೂ ಚೆನ್ನಾಗಿರುತ್ತೆ ಸರ್, ಹಸಿರು!" ಆ ಕೊನೆಯ ಉತ್ತರ ಕೇಳಿದಾಗಲೇ ಎಚ್ಚರ ಆಗಬೇಕಿತ್ತು.

ಒಬ್ಬರಿಗೆ 6,500 ರೂಪಾಯಿ, ಸೈಕಲ್ ಬಾಡಿಗೆ ಸೇರಿ. ಮೇಲೆ ಒಬ್ಬರಿಗೆ 5,000 ಡೆಪಾಸಿಟ್. ನಾಲ್ಕು ಜನರ ಡೆಪಾಸಿಟ್ಟೇ 20,000. ಎಲ್ಲವನ್ನೂ ಯುಪಿಐ ಮೂಲಕ ಒಂದು ಖಾಸಗಿ ನಂಬರಿಗೆ ಹಾಕಿದೆ. ಬಿಲ್ ಕೇಳಿದೆ, "ರೈಡ್ ಮುಗಿದ್ಮೇಲೆ ಕೊಡ್ತೀವಿ ಸರ್" ಅಂದರು. ದುಡ್ಡು ಹೋದ ಹತ್ತು ನಿಮಿಷಕ್ಕೆ ನಾಲ್ಕು ಪುಟದ ಷರತ್ತುಗಳು ಬಂದವು. ದುಡ್ಡು ಹೋದ ಮೇಲೆ! ದಿನಾ ಕೌಂಟರಿನಲ್ಲಿ ಕೂತು ಗಿರಾಕಿಗಳಿಗೆ "ಸಹಿ ಮಾಡುವ ಮೊದಲು ಓದಿ" ಅನ್ನುವವನು ನಾನು.

ಎರಡನೇ ಶನಿವಾರದ ಹಿಂದಿನ ರಾತ್ರಿ ರೈಲಿನಲ್ಲಿ ಗಂಗಾವತಿ ಮುಟ್ಟಿದೆವು. ಬೆಳಿಗ್ಗೆ ಆರಕ್ಕೆ ಸೈಕಲ್ ಬಂದವು, ನಾಲ್ಕೂ ಬೂದು ಬಣ್ಣದವು. ಟೈರಿನ ಪಕ್ಕದಲ್ಲಿ ಬರೆದಿದ್ದು 32. ಹಲ್ಲು ಸವೆದು ನುಣ್ಣಗಾಗಿದ್ದವು. ಟ್ಯೂಬ್‌ಲೆಸ್ ಅಲ್ಲ, ಒಳಗೆ ಟ್ಯೂಬು. ವ್ಯಾನ್ ಎಲ್ಲಿ ಅಂದರೆ, ಬೈಕಿನ ಮೇಲೆ ಒಂದು ಚೀಲ ಕಟ್ಟಿಕೊಂಡ ಇಪ್ಪತ್ತು ವರ್ಷದ ಹುಡುಗ. ಫೋನ್ ಮಾಡಿದೆ. "ಸರ್, ಕಾಲುವೆ ದಂಡೆ ಮೇಲೆ ವ್ಯಾನ್ ಬರಲ್ಲ, ಅದಕ್ಕೆ ಬೈಕ್" ಅಂದರು. ಟ್ರ್ಯಾಕ್ಟರ್ ಓಡಾಡುವ ದಂಡೆಯ ಮೇಲೆ ವ್ಯಾನ್ ಬರುವುದಿಲ್ಲವಂತೆ. ಆಗಲೇ ವಾಪಸ್ ಹೋಗಬೇಕಿತ್ತು. ಮೂವರು ನನ್ನ ಮುಖ ನೋಡುತ್ತಿದ್ದರು, ನನಗೆ ಹೇಳಲು ಬಾಯಿ ಬರಲಿಲ್ಲ. ಹೊರಟೆವು.

ಮೊದಲ ಎಂಟು ಹತ್ತು ಕಿಲೋಮೀಟರ್ ನಿಜಕ್ಕೂ ಚೆಂದ ಇತ್ತು, ಅದನ್ನು ಸುಳ್ಳು ಹೇಳುವುದಿಲ್ಲ. ಮುಖ್ಯ ಕಾಲುವೆಯ ದಂಡೆಗೆ ಗರಸು ಹಾಕಿ ಗಟ್ಟಿ ಮಾಡಿದ್ದಾರೆ. ಗದ್ದೆಯಲ್ಲಿ ಹೆಂಗಸರು ಸಾಲಾಗಿ ನಾಟಿ ಮಾಡುತ್ತಿದ್ದರು, ಬೆಳ್ಳಕ್ಕಿಗಳು ಟ್ರ್ಯಾಕ್ಟರಿನ ಹಿಂದೆ ಓಡುತ್ತಿದ್ದವು. ಆಮೇಲೆ ಅವರು ಕೊಟ್ಟ ಮ್ಯಾಪ್ ನಮ್ಮನ್ನು ದಂಡೆಯಿಂದ ಇಳಿಸಿ ಉಪಕಾಲುವೆಯ ಪಕ್ಕದ ದಾರಿಗೆ ಹಾಕಿತು. ಅಲ್ಲಿ ಗರಸು ಇಲ್ಲ. ಬರೀ ಎರೆಮಣ್ಣು.

ಗದಗ, ಕೊಪ್ಪಳ, ರಾಯಚೂರಿನವರಿಗೆ ಹೇಳಬೇಕಿಲ್ಲ. ಉಳಿದವರಿಗೆ ಹೇಳುತ್ತೇನೆ. ಎರೆಮಣ್ಣು ಬೇಸಿಗೆಯಲ್ಲಿ ಕಲ್ಲಿನ ಹಾಗೆ ಗಟ್ಟಿಯಾಗಿ ಬಿರುಕು ಬಿಡುತ್ತದೆ, ನೀರು ಕುಡಿದರೆ ಹಿಗ್ಗಿ ಅಂಟಾಗುತ್ತದೆ. ಹಿಂದಿನ ದಿನ ಮಳೆ ಬಂದಿತ್ತು. ಸಾಲದ್ದಕ್ಕೆ ಗದ್ದೆ ಹದ ಮಾಡಲು ಕೇಜ್ ವೀಲ್, ಅಂದರೆ ಪಂಜರದಂಥ ಕಬ್ಬಿಣದ ಗಾಲಿ, ಹಾಕಿದ ಟ್ರ್ಯಾಕ್ಟರುಗಳು ಓಡಾಡಿ ದಾರಿಯನ್ನೇ ಉತ್ತು ಹಾಕಿದ್ದವು. ಇಪ್ಪತ್ತು ಮಾರು ಹೋಗುವಷ್ಟರಲ್ಲಿ ಮಣ್ಣು ಟೈರಿಗೆ ಸುತ್ತಿ, ಫೋರ್ಕಿನ ಸಂದಿಯಲ್ಲಿ ತುಂಬಿ, ಚಕ್ರ ತಿರುಗುವುದೇ ನಿಂತಿತು. ಕಡ್ಡಿಯಿಂದ ಕೆರೆಯುವುದು, ನಾಲ್ಕು ಹೆಜ್ಜೆ ತಳ್ಳುವುದು, ಮತ್ತೆ ಕೆರೆಯುವುದು. ಕೊನೆಗೆ ಸೈಕಲ್ ಹೆಗಲಿಗೆ. ಚಪ್ಪಲಿಯಂತೆ ಅಂಟಿದ ಮಣ್ಣಿನಿಂದ ಒಂದೊಂದು ಬೂಟೂ ಎರಡು ಕಿಲೋ ಆಗಿತ್ತು. ಎರಡೂವರೆ ಕಿಲೋಮೀಟರಿಗೆ ಒಂದು ಮುಕ್ಕಾಲು ಗಂಟೆ ಹಿಡಿಯಿತು.

ಅಲ್ಲಿ ಒಂದು ಜಾಲಿ ಗಿಡದ ಕೆಳಗೆ ಕೂತು ಮೊಬೈಲ್ ತೆಗೆದು ಪೋಸ್ಟರ್ ನೋಡಿದೆ. ನೂರು ಸಲ ನೋಡಿದ ಫೋಟೋ. ನಗುತ್ತಾ ಸೈಕಲ್ ಮೇಲೆ ಹೋಗುವ ಹುಡುಗಿ, ಹಿಂದೆ ಧೂಳು, ಪಕ್ಕದಲ್ಲಿ ಕಾಲುವೆ. ಬೆರಳಿನಿಂದ ದೊಡ್ಡದು ಮಾಡಿದೆ. ಕಾಲುವೆಯಲ್ಲಿ ನೀರೇ ಇಲ್ಲ! ತಳದ ಕೆಸರು ಒಣಗಿ ಬಿಲ್ಲೆ ಬಿಲ್ಲೆಯಾಗಿ ಎದ್ದಿದೆ. ಗದ್ದೆಯಲ್ಲಿ ಕೊಯ್ಲಾದ ಕೂಳೆ ಮಾತ್ರ ಇದೆ. ಅದು ಬೇಸಿಗೆಯಲ್ಲಿ ನೀರು ನಿಲ್ಲಿಸಿದ ಮೇಲೆ ತೆಗೆದ ಫೋಟೋ. ನಮ್ಮನ್ನು ಕರೆದದ್ದು ನೀರು ಬಿಟ್ಟು, ಮಳೆ ಹಿಡಿದು, ನಾಟಿ ನಡೆಯುವಾಗ. ಧೂಳು ಏಳುವ ದಾರಿ ತೋರಿಸಿ ಕೆಸರಿನಲ್ಲಿ ಬಿಟ್ಟರು. ಧೂಳು ಕಣ್ಣಿಗೆ ಹೊಡೆಯುವ ಹಾಗೆ ಇತ್ತು ಆ ಫೋಟೋದಲ್ಲಿ, ನನಗೆ ಮಾತ್ರ ಕಾಣಲಿಲ್ಲ. ಹೆಂಡತಿಯ ತಮ್ಮ ಪಕ್ಕದಲ್ಲಿ ಬಗ್ಗಿ ನೋಡಿ, "ಮಾವಾ, ಇದು ಬ್ಯಾಸಗಿ ಫೋಟೋ ಅಲ್ಲಾ?" ಅಂದ. ನನಗೆ ತಲೆ ಎತ್ತಲು ಆಗಲಿಲ್ಲ.

ಅದಕ್ಕಿಂತ ಕೆಟ್ಟದ್ದು ಮುಂದೆ ಇತ್ತು. ಮ್ಯಾಪಿನ ಪ್ರಕಾರ ಕಾಲುವೆ ದಾಟಬೇಕು. ಸೇತುವೆ ಇಲ್ಲ. ಇದ್ದದ್ದು ತೂಬಿನ ಗೇಟಿನ ಮೇಲಿನ ಒಂದೂವರೆ ಅಡಿ ಅಗಲದ ಪಟ್ಟಿ, ಒಂದೇ ಕಡೆ ಕಂಬಿ. ಯಾರೂ ಓಡಾಡಿ ನೋಡದೆ, ಉಪಗ್ರಹದ ಚಿತ್ರದ ಮೇಲೆ ಗೆರೆ ಎಳೆದ ದಾರಿ ಅದು, ನನಗೆ ಈಗಲೂ ಅನುಮಾನವಿಲ್ಲ. ಕೆಳಗೆ ನೀರು ಸುಳಿ ತಿರುಗುತ್ತಿತ್ತು. ಸಿಮೆಂಟು ಮೆತ್ತಿದ ಕಾಲುವೆಯ ಬದಿಗೆ ಪಾಚಿ ಕಟ್ಟಿರುತ್ತದೆ, ಬಿದ್ದರೆ ಈಜು ಬಂದವನಿಗೂ ಹತ್ತಲು ಹಿಡಿತ ಸಿಗುವುದಿಲ್ಲ. ಐವತ್ತು ದಾಟಿದ ನಮ್ಮ ಸಹೋದ್ಯೋಗಿ ಹೆಗಲ ಮೇಲೆ ಸೈಕಲ್ ಇಟ್ಟು ಎರಡು ಹೆಜ್ಜೆ ಇಟ್ಟರು, ಮಣ್ಣು ಮೆತ್ತಿದ ಬೂಟು ಜಾರಿತು. ನಾನು ಹಿಂದಿನಿಂದ ಅಂಗಿ ಹಿಡಿದೆ. ಅಷ್ಟೇ. ಅಂಗಿ ಹರಿಯಿತು, ಮನುಷ್ಯ ಉಳಿದರು. ಅವರು ಐದು ನಿಮಿಷ ಮಾತಾಡಲಿಲ್ಲ. ನಾನು ದಾಟುವುದು ಬೇಡ ಅಂದೆ, ಬಂದ ದಾರಿಗೇ ತಿರುಗಿದೆವು.

ಆಗ ಕಾಲುವೆ ನೋಡಿಕೊಳ್ಳುವ ಒಬ್ಬ ಗ್ಯಾಂಗ್‌ಮನ್ ಬಂದರು. "ಯಾರ್ನ ಕೇಳಿ ಬಂದೀರಿ? ಇಲ್ಲಿ ಬಿದ್ರ ಹೆಣ ಮುಂದಿನ ಗೇಟಿಗೆ ಸಿಗತೈತ್ರಿ" ಅಂತ ಬೈದರು. ಬೈದದ್ದು ಸರಿಯೇ. ನಮ್ಮ ಹೆಸರಿನಲ್ಲಾಗಲಿ ಆ ರೈಡಿನವರ ಹೆಸರಿನಲ್ಲಾಗಲಿ ಅನುಮತಿ ಕೇಳಿದ ಸುದ್ದಿಯೇ ಅವರಿಗೆ ಗೊತ್ತಿರಲಿಲ್ಲ.

ವಾಪಸ್ ಬರುವಾಗ ಬಳ್ಳಾರಿ ಜಾಲಿಯ ಮುಳ್ಳು. ನಾಲ್ಕು ಸೈಕಲ್ಲಿಗೆ ಆರು ಪಂಕ್ಚರ್. ಹುಡುಗನ ಚೀಲದಲ್ಲಿ ಇದ್ದದ್ದು ಒಂದು ಪಂಪು, ಎರಡು ಟ್ಯೂಬು. ಒಂದು ಕ್ಯಾಂಪಿನ (ವಲಸೆ ಬಂದ ರೈತರ ಊರಿಗೆ ಇಲ್ಲಿ ಹಾಗನ್ನುತ್ತಾರೆ) ಪಂಕ್ಚರ್ ಅಂಗಡಿಯ ಅಜ್ಜ ಸಲೂಷನ್ ಹಚ್ಚಿ ಅಂಟಿಸಿಕೊಟ್ಟರು, ಆದರೆ ಈ ಸೈಕಲ್ಲಿನ ಸಣ್ಣ ಪ್ರೆಸ್ಟಾ ವಾಲ್ವಿಗೆ ಅವರ ಕಂಪ್ರೆಸರ್ ಪೈಪು ಕೂರಲಿಲ್ಲ. ಹುಡುಗನ ಪಂಪಿನಲ್ಲೇ ಒಂದೊಂದಕ್ಕೂ ಇನ್ನೂರು ಸಲ ಒತ್ತಿದೆವು. ಅಜ್ಜ ಪಂಕ್ಚರಿಗೆ ಮೂವತ್ತು ರೂಪಾಯಿ ತೆಗೆದುಕೊಂಡರು, ಚಹಾ ಅವರೇ ಕುಡಿಸಿದರು. ಆ ಹುಡುಗನ ಮೇಲೆ ನನಗೆ ಸಿಟ್ಟಿಲ್ಲ. ಅವನೂ ಬೆಳಿಗ್ಗೆಯಿಂದ ಉಂಡಿರಲಿಲ್ಲ. "ಹೋದ ಸಲದ್ದೂ ರೊಕ್ಕ ಬಂದಿಲ್ರಿ ಸರ" ಅಂದ. ಎಪ್ಪತ್ತು ಕಿಲೋಮೀಟರ್ ಅಂದದ್ದು ಮೂವತ್ತೆಂಟಕ್ಕೆ ಮುಗಿಯಿತು. ಎರಡನೇ ದಿನದ ಆನೆಗೊಂದಿ, ಸಾಣಾಪುರ ಬಿಟ್ಟು ರೈಲು ಹತ್ತಿದೆವು.

ಈಗ ಡೆಪಾಸಿಟ್ ಕಥೆ. ಎಂಟು ದಿನ ಉತ್ತರವಿಲ್ಲ. ಒಂಬತ್ತನೇ ದಿನ 6,400 ರೂಪಾಯಿ ಬಂತು. ಇಪ್ಪತ್ತು ಸಾವಿರದಲ್ಲಿ ಆರು ಸಾವಿರದ ನಾಲ್ಕು ನೂರು! ಲೆಕ್ಕ ಕೇಳಿದೆ. ನಾಲ್ಕು ಸೈಕಲ್ ತೊಳೆದದ್ದಕ್ಕೆ 6,000, ಬೇರಿಂಗ್‌ಗೆ 4,000, ಎರಡು ಡೆರೇಲರ್ ಹ್ಯಾಂಗರ್ ಬಾಗಿದ್ದಕ್ಕೆ 3,600. ಆ ಹ್ಯಾಂಗರ್ ಅಂದರೆ ಹಿಂದಿನ ಗೇರ್ ಬದಲಿಸುವ ಭಾಗವನ್ನು ಫ್ರೇಮಿಗೆ ಹಿಡಿದಿಡುವ ಒಂದು ಬೆರಳುದ್ದದ ಅಲ್ಯೂಮಿನಿಯಂ ತುಂಡು, ನಮ್ಮ ಹುಬ್ಬಳ್ಳಿ ಅಂಗಡಿಯವರು ಒಂದಕ್ಕೆ 600 ಹೇಳಿದರು. ಫೋಟೋ ಕಳಿಸಿ ಅಂದೆ. ಕಳಿಸಿದರು.

ಫೋಟೋದಲ್ಲಿ ಇದ್ದದ್ದು ಹಸಿರು ಸೈಕಲ್.

ನಾವು ತುಳಿದದ್ದು ಬೂದು. ನಾಲ್ಕೂ ಬೂದು. ಹೊರಡುವ ಮೊದಲು ನಾಲ್ವರೂ ಸೈಕಲ್ ಹಿಡಿದು ನಿಂತು ತೆಗೆಸಿಕೊಂಡ ಫೋಟೋ ಕಳಿಸಿ, "ಇದು ನಮ್ಮದಲ್ಲ" ಅಂದೆ. ಬಂದ ಉತ್ತರಗಳು ಇವು, ಒಂದಕ್ಷರ ಬದಲಿಸಿಲ್ಲ:

"ಲೈಟಿಂಗ್ ಎಫೆಕ್ಟ್ ಸರ್."

"ಸರ್ ಗ್ರಾವೆಲ್ ಅಂದ್ರೆ ಅಡ್ವೆಂಚರ್, ಮಣ್ಣು ಇದ್ದೇ ಇರುತ್ತೆ."

"ಷರತ್ತು ಪುಟ 3 ನೋಡಿ."

"ಬೇರೆ ಯಾರೂ ಕಂಪ್ಲೇಂಟ್ ಮಾಡಿಲ್ಲ, ನೀವೊಬ್ರೇ."

ಆಮೇಲೆ ಬ್ಲಾಕ್. ಆ ಕೊನೆಯ ಉತ್ತರ ನನ್ನನ್ನು ಎರಡು ತಿಂಗಳು ಸುಮ್ಮನೆ ಕೂರಿಸಿತು. ನಾನೊಬ್ಬನೇ ದಡ್ಡ ಅಂದುಕೊಂಡೆ, ಯಾರಿಗೂ ಹೇಳಲಿಲ್ಲ. ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿದಾಗ ಮೊದಲು ಕೇಳಿದ್ದು ಬಿಲ್. ನನ್ನ ಹತ್ತಿರ ಇದ್ದದ್ದು ಯುಪಿಐ ಸ್ಕ್ರೀನ್‌ಶಾಟ್, ಅದರಲ್ಲಿ ಒಬ್ಬ ವ್ಯಕ್ತಿಯ ಹೆಸರು. ದೂರು ಕೊಟ್ಟಿದ್ದೇನೆ.

ಹೋಗುವುದೇ ಬೇಡ ಅಂತ ನಾನು ಹೇಳುವುದಿಲ್ಲ. ಆ ಬಯಲು ಆ ಮೋಸಗಾರರದ್ದಲ್ಲ. ಹೋಗುವವರು ಮುಖ್ಯ ಕಾಲುವೆಯ ಗರಸು ದಂಡೆ ಬಿಟ್ಟು ಇಳಿಯಬೇಡಿ, ಮಳೆಗಾಲದಲ್ಲಿ ಎರೆ ದಾರಿಗೆ ಹೋಗಲೇಬೇಡಿ, ನಾಟಿ ಸಮಯದಲ್ಲಿ ಅಂತೂ ಬೇಡವೇ ಬೇಡ. ನೀರಾವರಿ ನಿಗಮದವರನ್ನು ನೀವೇ ಕೇಳಿ. ಫೋಟೋದ ಕಾಲುವೆಯಲ್ಲಿ ನೀರಿದೆಯೋ ಇಲ್ಲವೋ ನೋಡಿ. ಬಿಲ್ ಇಲ್ಲದೆ ಒಂದು ರೂಪಾಯಿ ಡೆಪಾಸಿಟ್ ಕಟ್ಟಬೇಡಿ. ಸೈಕಲ್ಲಿನ ಫ್ರೇಮ್ ನಂಬರ್ ಸಮೇತ ವಿಡಿಯೋ ಮಾಡಿಕೊಳ್ಳಿ, ನಾನು ಅದೊಂದನ್ನು ಮಾಡಿದ್ದರೆ ಹಸಿರು ಸೈಕಲ್ ತೋರಿಸುವ ಧೈರ್ಯ ಅವರಿಗೆ ಬರುತ್ತಿರಲಿಲ್ಲ.

ಉಳಿದ ಮೂವರ ಡೆಪಾಸಿಟ್ಟಿನಿಂದ ಕಡಿತವಾದ 10,200 ರೂಪಾಯಿ ನಾನೇ ಕೈಯಿಂದ ಕೊಟ್ಟೆ. ಇಬ್ಬರು ತೆಗೆದುಕೊಂಡರು. ಕಾಲು ಜಾರಿದವರು ತೆಗೆದುಕೊಳ್ಳಲಿಲ್ಲ, "ಬಿಡ್ರಿ, ನೀವ್ ಹಿಡದ್ರಲ್ಲ" ಅಂದರು. ಆ ಹರಿದ ಅಂಗಿಗೆ ಬದಲಾಗಿ ಒಂದು ಹೊಸದನ್ನು ಅವರ ಟೇಬಲ್ ಮೇಲೆ ಇಟ್ಟು ಬಂದಿದ್ದೇನೆ. ಇವರ ಕೈಗೆ ಸಿಕ್ಕವರು ಇನ್ನೂ ಯಾರಾದರೂ ಇದ್ದರೆ ದಯವಿಟ್ಟು ನನಗೆ ಬರೆಯಿರಿ. "ನೀವೊಬ್ರೇ" ಅಂದಿದ್ದಾರೆ, ಆ ಮಾತಿಗೆ ಉತ್ತರ ಕೊಡಬೇಕು.