ಕೋಲಾರದ ಓಣಿಯಲ್ಲಿ ಅಜ್ಜಿ ಕಾಲದ ಬಸ್ಸಾರು

ಕೋಲಾರದ ಬಸ್ ನಿಲ್ದಾಣಕ್ಕೆ ಸಮೀಪದ ಓಣಿಯೊಂದರಲ್ಲಿ ತಾಯಿ ಮಗಳು ನಡೆಸುವ ಪುಟ್ಟ ಊಟದ ಮನೆಯಲ್ಲಿ, ಅಜ್ಜಿಯ ಅಡುಗೆಯೆಂದು ನಾವೆಲ್ಲ ನೆನೆಸಿಕೊಳ್ಳುವ ಮುದ್ದೆ, ಬಸ್ಸಾರು, ಹಿತಕಿದ ಬೇಳೆ ಸಾರುಗಳು ಇಂದಿಗೂ ಅದೇ ಶ್ರದ್ಧೆಯಿಂದ ಸಿದ್ಧವಾಗುತ್ತವೆ. ಅಡುಗೆಯವರ ಕೈಗುಣ ತಿಳಿಯುವುದು ಬಸ್ಸಾರಿನಲ್ಲಿ. ತೊಗರಿಬೇಳೆಯನ್ನೂ ದಂಟಿನ ಸೊಪ್ಪನ್ನೂ ಬೇಯಿಸಿ ಬಸಿದ ಕಟ್ಟಿನ ನೀರಿಗೆ, ಬೆಂದ ಬೇಳೆ ಸೊಪ್ಪನ್ನೇ ಒಂದು ಹಿಡಿ ತೆಗೆದು ಸುಟ್ಟ ಈರುಳ್ಳಿ, ಬೆಳ್ಳುಳ್ಳಿ, ಒಣಮೆಣಸಿನಕಾಯಿ, ಹುಣಸೆಹಣ್ಣಿನೊಂದಿಗೆ ರುಬ್ಬಿ ಸೇರಿಸುತ್ತಾರೆ. ಉಳಿದದ್ದು ಒಗ್ಗರಣೆ ಕಂಡು ಪಲ್ಯವಾಗಿ ಎಲೆಗೆ ಬರುತ್ತದೆ. ಸಾರು ತೆಳ್ಳಗಿದ್ದರೂ ಸುಟ್ಟ ಬೆಳ್ಳುಳ್ಳಿಯ ಘಮ ಕೊನೆಯ ತುತ್ತಿನವರೆಗೂ ಉಳಿಯುತ್ತದೆ, ಮುದ್ದೆಯಲ್ಲಿ ಒಂದು ಗಂಟೂ ಸಿಗುವುದಿಲ್ಲ.

ಮಳೆಯನ್ನೇ ನಂಬಿದ ಈ ಸೀಮೆಯ ಹೊಲಗಳಲ್ಲಿ ರಾಗಿಯ ನಡುವೆ ಅಕ್ಕಡಿ ಸಾಲಾಗಿ ಅವರೆ ಬೆಳೆಯುವುದರಿಂದ, ಮುದ್ದೆಗೆ ಅವರೆಯ ಸಾರು ಜೊತೆಯಾದದ್ದು ಸಹಜವೇ ಆಗಿದೆ. ಡಿಸೆಂಬರ್, ಜನವರಿಯಲ್ಲಿ ಸೊಗಡಿನ ಅವರೆ ಬಂದಾಗ, ನೆನೆಸಿದ ಕಾಳನ್ನು ಒಂದೊಂದಾಗಿ ಹಿತಕಿ ಸಿಪ್ಪೆ ಬಿಡಿಸುವ ಕೆಲಸ ಇಲ್ಲಿ ಜಗಲಿಯ ಮೇಲೆಯೇ ನಡೆಯುತ್ತದೆ. ಆ ದುಡಿಮೆಯನ್ನು ಕಂಡವರಿಗೆ ಈ ಸಾರಿನ ಬೆಲೆ ಹೆಚ್ಚೆನಿಸಲಾರದು.

ಅನ್ನ ಸಾಧಾರಣ, ಮಜ್ಜಿಗೆ ಬಹಳ ನೀರು. ಹಿತಕಿದ ಬೇಳೆ ಸಾರು ಬೇಗ ಮುಗಿಯುವುದರಿಂದ ಮಧ್ಯಾಹ್ನ 1 ಗಂಟೆಯೊಳಗೆ ಹೋಗುವುದು ಒಳ್ಳೆಯದು.