ಜೀಪಿನ ಎಂಜಿನ್ ಇಳಿಸಲು ಚೈನ್ ಬ್ಲಾಕೋ, ಹೈಡ್ರಾಲಿಕ್ ಕ್ರೇನೋ?

ಮೇಲಕ್ಕೆತ್ತಿಯೇ ತೆಗೆದರೂ ಗ್ಯಾರೇಜಿನ ಮಾತಲ್ಲಿ ಅದು ಎಂಜಿನ್ ‘ಇಳಿಸುವುದು’. ಮಹೀಂದ್ರ ಎಂಎಂ 540ರ 2112 ಸಿಸಿ ಪ್ಯೂಜೋ ಡೀಸೆಲ್ ಎಂಜಿನ್ನನ್ನು ಚೈನ್ ಬ್ಲಾಕ್ (ಬೀಮಿಗೆ ನೇತುಹಾಕಿ ಕೈಚೈನ್ ಎಳೆದು ಎತ್ತುವ ರಾಟೆ), ಗಾಲಿಯ ಹೈಡ್ರಾಲಿಕ್ ಕ್ರೇನ್ ಎರಡರಿಂದಲೂ ಇಳಿಸಿ, ಮತ್ತೆ ಕೂರಿಸಿ ನೋಡಿದ ಹೋಲಿಕೆ ಇದು.

ಬಿಚ್ಚುವ ಕೆಲಸ ಎರಡಕ್ಕೂ ಒಂದೇ. ಬ್ಯಾಟರಿ, ಬಾನೆಟ್, ರೇಡಿಯೇಟರ್, ಮುಂದಿನ ಗ್ರಿಲ್, ಡೀಸೆಲ್ ಪೈಪುಗಳು, ಸ್ಟಾರ್ಟರ್ ವೈರು, ಸೈಲೆನ್ಸರ್ ಫ್ಲಾಂಜ್, ಬೆಲ್ ಹೌಸಿಂಗ್ (ಎಂಜಿನ್ನಿಗೂ ಗೇರ್‌ಬಾಕ್ಸಿಗೂ ನಡುವಿನ ಗಂಟೆಯಾಕಾರದ ಕವಚ) ಬೋಲ್ಟು, ಕೊನೆಗೆ ಮೌಂಟಿಂಗ್. ಮರೆತುಹೋಗುವುದು ಅರ್ಥ್ ವೈರು. ಚೈನ್ ಬಿಗಿಯಾದಾಗ ಎಂಜಿನ್ ಏಳದೆ ಸ್ಪ್ರಿಂಗಿನ ಪಟ್ಟಾ ಸಡಿಲವಾಗಿ ಗಾಡಿಯ ಮೂತಿಯೇ ಏಳುತ್ತಿದ್ದರೆ, ಏನೋ ಇನ್ನೂ ಕಚ್ಚಿಕೊಂಡಿದೆ ಎಂದೇ ಅರ್ಥ. ಅಲ್ಲಿಗೇ ನಿಲ್ಲಿಸಿ ಹುಡುಕಿ.

ಎಂಜಿನ್ನಿಗೆ ಕಟ್ಟುವ ಚೈನ್ ಗಿಡ್ಡವಾಗಿದ್ದರೆ ಅಪಾಯ. 200 ಕೆಜಿ ಭಾರವನ್ನು ಎರಡು ಎಳೆಯಲ್ಲಿ ಎತ್ತುವಾಗ, ಎಳೆಗಳು ಅಡ್ಡಗೆರೆಗೆ 60 ಡಿಗ್ರಿಯಲ್ಲಿದ್ದರೆ ಒಂದೊಂದರ ಮೇಲೂ ಸುಮಾರು 115 ಕೆಜಿ ಬೀಳುತ್ತದೆ. 30 ಡಿಗ್ರಿಗೆ ಮಲಗಿದರೆ ಒಂದೊಂದಕ್ಕೂ ಪೂರ್ತಿ 200.

2 ಟನ್ನಿನ ಮಡಚುವ ಕ್ರೇನಿನ ತೋಳನ್ನು ಪೂರ್ತಿ ಚಾಚಿದರೆ ತಾಕತ್ತು ಸಾಮಾನ್ಯವಾಗಿ ಅರ್ಧ ಟನ್ನಿಗೆ ಇಳಿಯುತ್ತದೆ. ಈ ಎಂಜಿನ್ನಿಗೆ ಅದೂ ಸಾಕು. ತೊಂದರೆ ನೆಲದ್ದು: ಪುಟ್ಟ ಗಾಲಿಗಳು ಸಿಮೆಂಟ್ ನೆಲದಲ್ಲಷ್ಟೇ ಉರುಳುತ್ತವೆ. ಮಣ್ಣಿನಂಗಳದಲ್ಲಿ ಗಾಲಿ ಹೂತಾಗ ಜಗ್ಗಿದರೆ ಎಂಜಿನ್ ತೂಗಾಡಿ ಕ್ರೇನೇ ಮಗುಚೀತು. ಜೊತೆಗೆ ತೋಳು ಏರುವುದು ಕಮಾನಿನ ಹಾಗೆ, ನೆಟ್ಟಗಲ್ಲ. ಆದ್ದರಿಂದ ಮೊದಲು ಕ್ರೇನನ್ನು ಎಳೆದು ಎಂಜಿನ್ನನ್ನು ಅರ್ಧ ಅಡಿಯಷ್ಟು ಮುಂದಕ್ಕೆ ತಂದು, ಗೇರ್‌ಬಾಕ್ಸಿನಿಂದ ಕ್ಲಚ್ಚಿನೊಳಕ್ಕೆ ಹೋಗುವ ಕ್ಲಚ್ ಶಾಫ್ಟ್ ಪೂರ್ತಿ ಬಿಟ್ಟಿದೆಯೇ ನೋಡಿ, ಆಮೇಲೆ ಎತ್ತಬೇಕು. ಅವಸರಪಟ್ಟರೆ ಕ್ಲಚ್ ಪ್ಲೇಟಿನ ಹಬ್ ಸೊಟ್ಟಗಾಗುತ್ತದೆ. ಸಿಮೆಂಟ್ ನೆಲವಿದ್ದರೆ ಮಾತ್ರ ಇಳಿಸುವುದಕ್ಕೆ ಇದೇ ಬೇಗ.

1 ಟನ್ನಿನ ಚೈನ್ ಬ್ಲಾಕಿಗೆ ಗಟ್ಟಿ ಐ ಬೀಮ್ ಬೇಕು. ಹಳೇ ಹೆಂಚಿನ ಮನೆಯ ತೊಲೆ ಬೇಡವೇ ಬೇಡ. ಇಲ್ಲಿ ಎಂಜಿನ್ ನೇತಾಡುತ್ತ ನಿಂತಲ್ಲೇ ಇರುತ್ತದೆ, ಜೀಪನ್ನು ಹಿಂದಕ್ಕೆ ತಳ್ಳಬೇಕು. ಹಾಗಾಗಿ ಗೇರ್‌ಬಾಕ್ಸಿಗೆ ನೆಲದ ಜಾಕ್ ಕೊಡುವಂತಿಲ್ಲ. ಚಾಸಿಯ ಮೇಲೆ ಅಡ್ಡ ಪೈಪಿಟ್ಟು ಬೆಲ್ ಹೌಸಿಂಗನ್ನು ಅದಕ್ಕೇ ಕಟ್ಟಿ. ಕೈಚೈನ್ ಎಳೆದೆಳೆದು ತೋಳು ಸೋಲುತ್ತದೆ, ನಿಜ.

ಆದರೂ ಕೂರಿಸುವ ಹೊತ್ತಿಗೆ ನಮ್ಮ ಮತ ಚೈನ್ ಬ್ಲಾಕಿಗೇ. ಕ್ರೇನಿನ ವಾಲ್ವ್ ಕೂದಲೆಳೆ ಹೆಚ್ಚು ತಿರುಗಿದರೂ ಎಂಜಿನ್ ದಡಕ್ಕನೆ ಒಂದಿಂಚು ಕುಸಿಯುತ್ತದೆ. ಚೈನ್ ಬ್ಲಾಕಿನಲ್ಲಿ ಎಳೆದಷ್ಟೇ ಇಳಿತ, ಕೈ ಬಿಟ್ಟರೆ ಬ್ರೇಕ್. ಕ್ಲಚ್ ಶಾಫ್ಟನ್ನು ಕ್ರ್ಯಾಂಕಿನ ತುದಿಯ ಪೈಲಟ್ ಬೇರಿಂಗಿಗೆ ತೂರಿಸುವಾಗ ಬೇಕಾದದ್ದು ಈ ಹದವೇ. ಕೊನೆಯ ಒಂದು ಸೆಂಟಿಮೀಟರಿನಲ್ಲಿ ಸಿಕ್ಕಿಕೊಂಡರೆ ಬೋಲ್ಟ್ ಬಿಗಿದು ಎಳೆಯಬೇಡಿ, ಬೆಲ್ ಹೌಸಿಂಗಿನ ಕಿವಿ ಸೀಳುತ್ತದೆ. ಗಾಡಿಯನ್ನು ಗೇರಿಗೆ ಹಾಕಿ, ಕ್ರ್ಯಾಂಕ್ ಪುಲ್ಲಿಯ ಬೋಲ್ಟಿಗೆ ಸ್ಪ್ಯಾನರ್ ಕೊಟ್ಟು ತುಸು ತಿರುಗಿಸಿ. ಶಾಫ್ಟಿನ ಹಲ್ಲು ಕ್ಲಚ್ ಪ್ಲೇಟಿನ ಹಲ್ಲಿಗೆ ಕೂಡಿದೊಡನೆ ಎಂಜಿನ್ ತಾನೇ ಒಳಸರಿಯುತ್ತದೆ.